ಸ್ಟೀಮರು ನಿಂತ ಮೇಲೆ ಬಂದ ದುಡ್ಡು

ಕೈಗೆ ನಾಲ್ಕು ಕಾಸು ಬಂದದ್ದು ಊರಿಗೆ ಗೊತ್ತಾದರೆ ಸಾಕು, ಅದನ್ನು ಎಲ್ಲಿ ಹಾಕಬೇಕೆಂದು ನಮ್ಮೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿರುತ್ತದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊನ್ನಾವರದ ಸ್ಟೀಮರ್ ಆಫೀಸಿನಲ್ಲಿ ಮುಂಬಯಿಗೆ ಹೋಗುವವರಿಗೆ ನಾನು ಟಿಕೇಟು ಬರೆಯುತ್ತಿದ್ದೆ. ಘಟ್ಟ ಹತ್ತುವ ಬಸ್ಸುಗಳು ಹೆಚ್ಚಾದವು, ಸ್ಟೀಮರಿಗೆ ಜನ ಕಡಿಮೆಯಾದರು. ಕಂಪನಿ ಆಫೀಸು ಮುಚ್ಚಿ, ನನಗೊಂದು ಇಡುಗಂಟು ಕೊಟ್ಟು ಮನೆಗೆ ಕಳಿಸಿತು.

ಅರ್ಧ ಗಡ್ಡ

ಮರುದಿನ ಗಡ್ಡ ಮಾಡಿಸಲು ಹೋದೆ. ಒಂದು ಕೆನ್ನೆ ಬೋಳಿಸಿದ ಕ್ಷೌರದವನು ಕತ್ತಿ ಕೆಳಗಿಟ್ಟ.

"ದುಡ್ಡು ಎಂತ ಮಾಡೂದು ಅಂತ ಮಾಡೀರಿ?"

"ಇನ್ನೂ ವಿಚಾರ ಮಾಡ್ಲಿಲ್ಲ."

"ಕುಮಟೆ ಬದಿಗೆ ನನ್ನ ಭಾವನ ತೆಂಗಿನ ತೋಟ ಉಂಟು. ತಕಂಡುಬಿಡಿ."

"ನೋಡುವಾ."

"ನೋಡುವಾ ಅಂದ್ರೆ ಹೂಂ ಅಂತಲೋ, ಬೇಡ ಅಂತಲೋ?"

ಇನ್ನೊಂದು ಕೆನ್ನೆಯ ಮೇಲೆ ಸೋಪು ಒಣಗುತ್ತಿತ್ತು. ಹೂಂ ಅಂದೆ. ಕೆಲಸ ಮುಗಿಸಿದ. ಆಮೇಲೆ ಬಹಳ ದಿನ ನಾನು ಆ ಕಡೆ ಸುಳಿಯದೆ ಗಡ್ಡ ಬಿಟ್ಟೆ. ಕೆಲಸ ಹೋದ ದುಃಖಕ್ಕೆ ಅಂತ ಊರವರು ಕನಿಕರಪಟ್ಟರು.

ಕುಬೇರನ ವೇಷ

ಕರ್ಕಿಯ ವೇಷಧಾರಿಯೊಬ್ಬರು ಮನೆಗೇ ಬಂದರು. ಅವರು ಯಕ್ಷಗಾನ ಮೇಳ ಕಟ್ಟುವುದು, ದುಡ್ಡು ನಾನು ಹಾಕುವುದು. ಲಾಭ ಎಷ್ಟೆಂದು ಕೇಳಿದೆ.

"ಲಾಭ ಬಿಡಿ. ನಿಮಗೇ ಕುಬೇರನ ವೇಷ ಕೊಡ್ತೆ."

ಕಿರೀಟ ಕಟ್ಟುವ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು. ಹೂಂ ಅನ್ನುವುದರೊಳಗೆ ಹೆಂಡತಿ ಚಹಾ ತಂದಿಟ್ಟಳು.

"ಮುಂದಿನ ವರ್ಷ ಸುದಾಮನ ವೇಷ ಕೊಡಿ," ಅಂದಳು. "ಬಣ್ಣ, ಬಟ್ಟೆ ಎಂತದೂ ಬೇಡ. ಮನೆಯಿಂದ್ಲೇ ಹಾಗೇ ಬರ್ತ್ರು."

ಪೋಸ್ಟಿನಲ್ಲಿ

ಆ ಸಂಜೆ ಹೆಂಡತಿಯನ್ನೇ ಕೇಳಿದೆ, ಬಳೆ ಮಾಡಿಸಲಾ ಅಂತ.

"ಬಳೆ ಬೇಡ. ಒಂದ್ಸಲ ಸ್ಟೀಮರ್ ಹತ್ತೂ ಆಸೆ ಇತ್ತು. ದೀಪ ಹಾಕ್ಕೊಂಡು ಹೋಗೂದು ದಡದಿಂದ ನೋಡಿದ್ದೇ ಆತು."

ಆಸೆ ನನಗೂ ಇತ್ತು. ಆದರೆ ಹಡಗು ಬಂದ ದಿನ ನನಗೆ ರಜೆ ಸಿಗುತ್ತಿರಲಿಲ್ಲ. ಈಗ ಬೇಕಾದಷ್ಟು ರಜೆ, ಹಡಗೇ ಇಲ್ಲ.

ಮರುದಿನ ದುಡ್ಡನ್ನು ಪೋಸ್ಟಿನಲ್ಲಿಟ್ಟೆ. ಎಂತಕ್ಕೆ ಕೂಡಿಡ್ತ್ರಿ ಅಂತ ಪೋಸ್ಟ್ ಮಾಸ್ತರರು ಕೇಳಿದರು. ಬೇಸರದಲ್ಲಿ, "ಹಡಗು ಕೊಳ್ಳೂಕೆ" ಅಂದೆ.

ಅವರು ತಲೆಯೆತ್ತದೆ, "ಹಾಗಾದ್ರೆ ಬಡ್ಡಿ ಮುಟ್ಟಬೇಡಿ" ಅಂದರು.

ನಿಂತ ಹಡಗು

ಒಂದು ದಿನ ಭಟ್ಕಳದ ಕಡೆಯ ಅಜ್ಜಿಯೊಬ್ಬಳು ಗಂಟು ಹೊತ್ತು ನಮ್ಮ ಮನೆ ಹುಡುಕಿಕೊಂಡು ಬಂದಳು.

"ಮುಂಬಯಿಗೆ, ಮಗಳ ಹತ್ರ ಹೋಗ್ಬೇಕು. ಟಿಕೇಟು ಬರಿ ಮಗಾ."

"ಹಡಗು ನಿಂತು ಹೋತು ಅಜ್ಜಿ."

"ಚಲೋ ಆತು. ಓಡೂ ಹಡಗು ಹತ್ತೂಕೆ ನನ್ನ ಹತ್ರ ಆಗೂದಿಲ್ಲ."

ಅವಳನ್ನು ಹಾಗೇ ಕಳಿಸಲು ನನ್ನ ಹೆಂಡತಿಗೆ ಮನಸ್ಸಾಗಲಿಲ್ಲ. ಪೋಸ್ಟಿನಿಂದ ಒಂದಿಷ್ಟು ತೆಗೆದು ಮೂವರೂ ಹೊರಟೆವು. ಹುಬ್ಬಳ್ಳಿವರೆಗೆ ಬಸ್ಸು, ಮುಂದೆ ರೈಲು. ಅಜ್ಜಿ ರೈಲನ್ನೂ ಕಂಡವಳಲ್ಲ, ಹಡಗಿನ ಒಳಗನ್ನೂ ಕಂಡವಳಲ್ಲ. ಬಯಲುಸೀಮೆಯ ಜೋಳದ ಹೊಲಗಳ ನಡುವೆ ಬಹಳ ದೂರ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು:

"ಮಗಾ, ಇದು ನೀರಿಗೆ ಇಳಿಯೂದು ಯಾವಾಗ?"

ನಗು ತಡೆದುಕೊಂಡು ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಇಳೀತದೆ ಅಜ್ಜಿ," ಅಂದಳು. "ನಾನೂ ಅದನ್ನೇ ಕಾಯ್ತಾ ಇದ್ದೆ."