ಹಾಲ್ವರನ ದೋಣಿಗೆ ಬಾಲ ಬಂದದ್ದು

ಬೆಳಿಗ್ಗೆ ಎದ್ದು ಕಾಫಿಗೆ ನೀರಿಡುವ ಮೊದಲು ರಗ್ನಾ ಅಡುಗೆಮನೆಯ ಕಿಟಕಿ ತೆರೆದು ಸ್ತುತಿಗೀತೆಯ ಒಂದು ಚರಣ ಗುನುಗುತ್ತಾಳೆ. ಒಂದೇ ಚರಣ. ಗಾಳಿ ಬೀಸಲಿ, ಹಿಮ ಬೀಳಲಿ, ಒಳಗಿನಿಂದ ಗಂಡ ಹಾಲ್ವರ್ "ಕಿಟಕಿ ಮುಚ್ಚೇ ಮಾರಾಯ್ತಿ, ಉತ್ತರ ಧ್ರುವ ನೆಟ್ಟಗೆ ನನ್ನ ಹಾಸಿಗೆಗೇ ಬರ್ತಿದೆ!" ಎಂದು ಕೂಗಲಿ, ಅದು ತಪ್ಪಿದ್ದಿಲ್ಲ.

ಕಿಟಕಿಯಿಂದ ನೋಡಿದರೆ ಬಂದರು. ಬಂದರಿನಾಚೆ ಬೋಳುಬಂಡೆಗಳು. ಎಲ್ಲಕ್ಕಿಂತ ಆಚೆ, ಇನ್ನು ಸಮುದ್ರವೇ ಗತಿ ಎನ್ನುವಲ್ಲಿ, ಮೋಕೆ ದ್ವೀಪ. ಹವೆ ತಿಳಿಯಾಗಿದ್ದರೆ ಅದರ ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಅದು ಚರ್ಚು. ರಗ್ನಾ ಹುಟ್ಟಿದ್ದು ಅದರ ಪಕ್ಕದ ಮನೆಯಲ್ಲಿ. ಮನೆ ಈಗಿಲ್ಲ. ದ್ವೀಪದವರೆಲ್ಲ ತಮ್ಮ ಮರದ ಮನೆಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿ ದೋಣಿಗೇರಿಸಿ ದಡಕ್ಕೆ ಬಂದರು. ಚರ್ಚನ್ನು ಬಿಚ್ಚುವ ಮನಸ್ಸು ಯಾರಿಗೂ ಬರಲಿಲ್ಲ. ವರ್ಷಕ್ಕೊಮ್ಮೆ, ನಡುಬೇಸಿಗೆಯ ಹಬ್ಬ ಮುಗಿದ ಮೇಲೆ ಬರುವ ಭಾನುವಾರ, ಅಲ್ಲಿ ಆರಾಧನೆ ನಡೆಯುತ್ತದೆ. ಅಂಚೆದೋಣಿ ನಿಂತುಹೋದ ಮೇಲೆ ರಗ್ನಾ ಅಲ್ಲಿಗೆ ಹೋಗಿಲ್ಲ. ಆ ಭಾನುವಾರ ಅವಳು ಕಿಟಕಿಯ ಬಳಿಯೇ ನಿಂತಿರುತ್ತಾಳೆ. ಗಾಳಿ ಆ ಕಡೆಯಿಂದ ಬೀಸಿದರೆ ಗಂಟೆ ಕೇಳಿಸುತ್ತದೆ ಎನ್ನುತ್ತಾಳೆ.

"ಅದು ನಲ್ಲಿ ತೊಟ್ಟಿಕ್ಕೋ ಸದ್ದು" ಎನ್ನುತ್ತಾನೆ ಹಾಲ್ವರ್.

ಹೋಗಲು ದಾರಿ ಇರಲಿಲ್ಲವೆಂದಲ್ಲ. ಪಕ್ಕದ ಮನೆಯ ಟೆಲೆಫ್ ಮೋಕೆ ದ್ವೀಪದವನೇ, ರಗ್ನಾಳ ಬಾಲ್ಯದ ಗೆಳೆಯ. ತನ್ನ ಹಳೆಯ ಮರದ ದೋಣಿಯಲ್ಲಿ ಪ್ರತಿವರ್ಷ ಹೋಗುತ್ತಾನೆ. ಆ ದೋಣಿಯ ಎಂಜಿನ್ನು ಟುಕ್ ಟುಕ್ ಎಂದು ಹೊಡೆದುಕೊಂಡರೆ ದಡದ ಮನೆಗಳಲ್ಲಿ ಕಪ್ಪು-ಬಸಿಗಳು ಕುಣಿಯುತ್ತವೆ. ಆದರೆ ಊರಿಗೆಲ್ಲ ಬನ್ನು ಮಾಡಿ ಕೊಟ್ಟ ಬೇಕರಿ ಹಾಲ್ವರನ ಹೆಂಡತಿ ಟೆಲೆಫನ ಮೀನುಬುಟ್ಟಿಗಳ ನಡುವೆ ಕೂತು ಹೋಗುವುದೇ! ರಗ್ನಾಳ ಅಪ್ಪನ ಪುಟ್ಟ ಹುಟ್ಟುದೋಣಿಯೂ ದೋಣಿಮನೆಯ ಹಿಂದೆ ಕವುಚಿ ಬಿದ್ದಿತ್ತು. ಈ ವಯಸ್ಸಿನಲ್ಲಿ ಹುಟ್ಟು ಹಾಕುವುದೇ!

"ಬೇಕರಿ ಬಾಗಿಲು ಹಾಕಿದ ದಿನವೇ ದೋಣಿ ಕೊಳ್ತೀನಿ. ನಿನ್ನನ್ನ ರಾಣಿ ಹಾಗೆ ಕೂರಿಸಿ ಕರ್ಕೊಂಡು ಹೋಗ್ತೀನಿ. ನೀನು ಒಂದು ಬೆರಳೂ ಎತ್ತಬೇಕಾಗಿಲ್ಲ!" ಎಂದು ಹಾಲ್ವರ್ ವರ್ಷಗಟ್ಟಲೆ ಹೇಳಿದ. ರಗ್ನಾ ವರ್ಷಗಟ್ಟಲೆ ಕೇಳಿಸಿಕೊಂಡಳು. ವಾದ ಅವಳ ಸ್ವಭಾವವಲ್ಲ. ಪ್ರತಿ ವಸಂತದಲ್ಲೂ ದೋಣಿಮನೆಯ ಹಿಂದೆ ಹೋಗಿ ಅಪ್ಪನ ದೋಣಿಗೆ ಟಾರು ಬಳಿದು ಬರುತ್ತಿದ್ದಳು, ಅಷ್ಟೆ.

"ಅದನ್ನ ಯಾರಿಗಾದ್ರೂ ಕೊಟ್ಬಿಡು, ಮಣ್ಣು ತುಂಬಿ ಹೂವಿನ ಗಿಡ ನೆಡ್ತಾರೆ" ಎಂದು ಹಾಲ್ವರ್ ನಗುತ್ತಿದ್ದ.

ಕೊನೆಗೂ ಹೋದ ಬೇಸಿಗೆಯಲ್ಲಿ ದೋಣಿ ಬಂತು. ಸೆಕೆಂಡ್ ಹ್ಯಾಂಡು, ಆದರೆ ಮದುವಣಗಿತ್ತಿಯಷ್ಟು ಬೆಳ್ಳಗೆ. ಎಂಜಿನ್ನು ಒಳಗೆ, ಅದರ ಶಕ್ತಿಯನ್ನು ನೀರಿನಲ್ಲಿ ತಿರುಗುವ ರೆಕ್ಕೆಗೆ ಮುಟ್ಟಿಸುವ ಲೋಹದ ಕಾಲೊಂದು ದೋಣಿಯ ಹಿಂಭಾಗದಿಂದ ಕೆಳಗೆ ಇಳಿದಿರುತ್ತದೆ. ಬಂದರಿನವರು ಅದನ್ನು ಬಾಲ ಎನ್ನುತ್ತಾರೆ. ದೋಣಿ ಬಂದದ್ದು ಮಾತ್ರ ಆ ವರ್ಷದ ಆರಾಧನೆ ಮುಗಿದ ಮಾರನೆಯ ವಾರ!

"ಇನ್ನೇನು, ಒಂದೇ ವರ್ಷ" ಎಂದ ಹಾಲ್ವರ್. ದೋಣಿಗೆ ಅಡಿಯಿಂದ ಮುಡಿಯವರೆಗೆ ಬಣ್ಣ ಬಳಿದು ನೀರಿಗಿಳಿಸಿದ. ಬೇಸಿಗೆಯೆಲ್ಲ ಅದು ಬಂದರಿನಲ್ಲಿ ಹೊಳೆಯುತ್ತ ನಿಂತಿತ್ತು. ಶರತ್ಕಾಲದಲ್ಲಿ ದಡಕ್ಕೆ ಎಳೆದಾಗ ಬಾಲವನ್ನು ಕಂಡು ಹಾಲ್ವರ್ ಟೋಪಿ ತೆಗೆದ. ಸತ್ತವರ ಮುಂದೆ ತೆಗೆಯುತ್ತಾರಲ್ಲ, ಹಾಗೆ. ಬಣ್ಣ ಗುಳ್ಳೆಯೆದ್ದಿತ್ತು. ಗುಳ್ಳೆ ಒಡೆದಲ್ಲಿ ಹಿಟ್ಟಿನಂಥ ಬಿಳಿ ಪುಡಿ. ಪುಡಿ ಒರೆಸಿದಲ್ಲಿ ಇಲಿ ತಿಂದ ಗಿಣ್ಣಿನ ಹಾಗೆ ಗುಂಡಿಗಳು!

"ಮೋಸ! ಹಗಲು ದರೋಡೆ! ಮಾರಿದವನು ನನ್ನನ್ನ ಮುಳುಗಿಸಿಬಿಟ್ಟ!"

"ನೀನಿನ್ನೂ ಮುಳುಗಿಲ್ಲ. ದೋಣಿ ಎಲ್ಲಿಗೂ ಹೋಗೇ ಇಲ್ವಲ್ಲ" ಎಂದಳು ರಗ್ನಾ.

ಹೊಸ ವರ್ಷಕ್ಕೆ ಪಾದ್ರಿ ಒಂದು ಸುದ್ದಿ ಹೇಳಿದರು. ಮೋಕೆ ದ್ವೀಪದ ಚರ್ಚಿನ ಮಾಡು ಇನ್ನು ತಡೆಯುವುದಿಲ್ಲ. ಬರುವ ಬೇಸಿಗೆಯ ಆರಾಧನೆಯೇ ಕೊನೆಯದು. ಆಮೇಲೆ ಗಂಟೆಯನ್ನು ಇಳಿಸಿ ಪಟ್ಟಣಕ್ಕೆ ತರುತ್ತಾರೆ.

ಆ ಗಂಟೆ ಬಾರಿಸುತ್ತಿದ್ದವನು ರಗ್ನಾಳ ಅಪ್ಪ. ಹಗ್ಗದ ತುದಿಗೆ ಅವಳನ್ನೂ ಜೋತು ಬೀಳಿಸಿಕೊಂಡು ಬಾರಿಸುತ್ತಿದ್ದ. ಮರುದಿನ ಬೆಳಿಗ್ಗೆ ಕಿಟಕಿ ಬಹಳ ಹೊತ್ತು ತೆರೆದೇ ಇತ್ತು. ಹಾಲ್ವರ್ ಚಳಿಗೆ ನಡುಗುತ್ತ ಬಂದು ಪಕ್ಕದಲ್ಲಿ ನಿಂತ. ಅವತ್ತು ಉತ್ತರ ಧ್ರುವದ ಸುದ್ದಿ ಎತ್ತಲಿಲ್ಲ.

"ರಗ್ನಾ, ಆ ಬಾಲವನ್ನ ನಾನೇ ರಿಪೇರಿ ಮಾಡ್ತೀನಿ. ಇಡೀ ಊರಿಗೆ ಬ್ರೆಡ್ಡು ಬೇಯಿಸಿದ ಕೈ ಇದು. ಒಂದು ಬಾಲ ಯಾವ ಲೆಕ್ಕ!"

ಮಹಾಕಾರ್ಯ ಆರಂಭವಾಯಿತು. ಬೋಲ್ಟುಗಳು ಜಗ್ಗಲಿಲ್ಲ. ಹಾಲ್ವರ್ ಸುತ್ತಿಗೆಯಿಂದ ಬಡಿದ, ಬೇಡಿಕೊಂಡ, ಬೈದ. ಕಡೆಗೆ ಕೇಕಿನ ಮೇಲಿನ ಸಕ್ಕರೆ ಕರಗಿಸುವ ಬೆಂಕಿಕೊಳವೆ ತಂದು ಕಾಯಿಸಿದ. ಬಾಲ ಒಮ್ಮೆಲೇ ಕಳಚಿ, ಕೆಳಗಿಟ್ಟಿದ್ದ ಹಿಟ್ಟು ನಾದುವ ತೊಟ್ಟಿಯೊಳಗೆ ಧೊಪ್ಪನೆ ಬಿದ್ದು, ತೊಟ್ಟಿಯನ್ನು ಎರಡು ಹೋಳು ಮಾಡಿತು. ಒಳಗಿನ ಎಣ್ಣೆ ಹೊರಬಂದಾಗ ಹಾಲು ಬೆರೆಸಿದ ಕಾಫಿಯ ಬಣ್ಣ. ಉಪ್ಪುನೀರು ಒಳಹೊಕ್ಕಿತ್ತು. ಅದೇ ಹೊತ್ತಿಗೆ ಕಾಫಿ ತಂದಿದ್ದ ರಗ್ನಾ ಎರಡನ್ನೂ ನೋಡಿ, ಲೋಟವನ್ನು ಗಂಡನ ಕೈಗೇ ಕೊಟ್ಟಳು.

"ಇದು ಕುಡಿಯೋದು. ಅದು ಅಲ್ಲ."

ಹೊರಗೆ ಕೈ ಮರಗಟ್ಟುವ ಚಳಿ. ಹಾಗಾಗಿ ಬಾಲ ಟೆಲೆಫನ ಹೆಗಲಿನ ನೆರವಿನಿಂದ ಅಡುಗೆಮನೆಗೆ ಬಂದು ಊಟದ ಮೇಜಿನ ಮೇಲೆ ಮಲಗಿತು. ಈಸ್ಟರ್ ಕಳೆಯುವವರೆಗೂ ಏಳಲಿಲ್ಲ! ಗಂಡಹೆಂಡಿರ ತಟ್ಟೆಗಳು ಮೇಜಿನ ಎರಡು ತುದಿಗೆ ಸರಿದವು. ಉಪ್ಪು ಬೇಕಾದರೆ ಬಾಲವನ್ನು ಸುತ್ತಿ ಕಳಿಸಬೇಕು. ಊಟಕ್ಕೆ ಮುಂಚೆ ರಗ್ನಾ ಕಣ್ಣು ಮುಚ್ಚಿ, "ಈ ಮೇಜಿನ ಮೇಲಿರುವುದನ್ನೆಲ್ಲ ಆಶೀರ್ವದಿಸು" ಎಂದು ಪ್ರಾರ್ಥಿಸುತ್ತಿದ್ದಳು. ಹಾಲ್ವರ್ ಒಂದು ಕಣ್ಣು ತೆರೆದು ಬಾಲದ ಕಡೆ ನೋಡಿ, ಗಟ್ಟಿಯಾಗಿ "ಆಮೆನ್!" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಟೆಲೆಫ್ ಕಾಫಿಗೆ ಬಂದಿದ್ದ. ಹಾಲ್ವರ್ ದೋಣಿ ಮಾರಿದವನ ವಂಶವನ್ನು ಅಜ್ಜನಿಂದ ಹಿಡಿದು ಜಾಲಾಡುತ್ತಿದ್ದ. ರಗ್ನಾ ಕೂತಲ್ಲೇ ಆಲೂಗಡ್ಡೆ ಸುಲಿಯುವ ಚಾಕುವಿನಿಂದ ಬಾಲದ ಬಣ್ಣ ಹೆರೆಯುತ್ತಿದ್ದಳು.

"ಇದೊಂದು ತುಂಡು ಚೆನ್ನಾಗಿದೆಯಲ್ಲ" ಎಂದಳು. "ಸುತ್ತ ಎಲ್ಲಾ ಗುಂಡಿ ಬಿದ್ದಿದೆ. ಇದರ ಅಂಚು ಮಾತ್ರ ಹೊಸದರ ಹಾಗಿದೆ."

ಟೆಲೆಫ್ ಬಗ್ಗಿ ನೋಡಿದ. ಕಾಫಿ ಕೆಳಗಿಟ್ಟ. "ಹಾಲ್ವರ್... ನೀನು ಸತುವಿನ ಗಟ್ಟಿಗೂ ಬಣ್ಣ ಬಳಿದೆಯೇನೋ?"

ಈ ತೀರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಅದು. ಉಪ್ಪುನೀರಿಗೆ ಏನನ್ನಾದರೂ ತಿನ್ನದೆ ಸಮಾಧಾನವಿಲ್ಲ. ಅದಕ್ಕೇ ಬಾಲಕ್ಕೊಂದು ಸತುವಿನ ಗಟ್ಟಿ ಬಿಗಿದಿರುತ್ತಾರೆ. ಸಮುದ್ರ ಅದನ್ನು ತಿಂದುಕೊಂಡು ಬಾಲವನ್ನು ಬಿಟ್ಟುಬಿಡುತ್ತದೆ. ಸತು ಬೆತ್ತಲೆ ಇರಬೇಕು, ಅಷ್ಟೇ ಕರಾರು.

"ನಿನಗೆ ಗೊತ್ತಿರಲಿಲ್ವೇನೋ?"

"ನನಗೆ ಗೊತ್ತಿತ್ತು!" ಹಾಲ್ವರನ ದನಿ ಏರಿತು. "ಕೈಗೆ ಗೊತ್ತಿರಲಿಲ್ಲ! ಜೀವಮಾನವೆಲ್ಲ ಕೇಕಿಗೆ ಕೆನೆ ಬಳಿದಿದ್ದೀನಿ. ಒಂದು ಚೂರು ಜಾಗ ಖಾಲಿ ಬಿಟ್ಟರೆ ಈ ಕೈಗೆ ನಿದ್ದೆ ಬರಲ್ಲ!"

ಟೆಲೆಫ್ ಮೇಜಿಗೆ ಹಣೆ ಹಚ್ಚಿ ನಕ್ಕ. ಮಾರಿದವನ ವಂಶ ಆ ಕ್ಷಣದಲ್ಲೇ ದೋಷಮುಕ್ತವಾಯಿತು. ರಗ್ನಾ ಮಾತ್ರ ಆ ತುಂಡನ್ನು ಮೆಲ್ಲಗೆ ತನ್ನ ಕೈವಸ್ತ್ರದಲ್ಲಿ ಒರೆಸಿದಳು.

"ಪಾಪ" ಎಂದಳು. "ಬೇರೆಯವರ ಬದಲು ತನ್ನನ್ನ ತಿನ್ನಿಸಿಕೊಳ್ಳೋಕೆ ಅಂತಲೇ ಬಂದದ್ದು. ನೀನು ಅದಕ್ಕೆ ಕೋಟು ತೊಡಿಸಿ ಕೂರಿಸಿದೆ."

ಗುಂಡಿ ಮುಚ್ಚುವ ಅಂಟು ಬಂತು. ಎರಡು ಡಬ್ಬಿಗಳದನ್ನು ಬೆರೆಸಬೇಕು, ಎರಡನೆಯದು ಚೂರೇ ಚೂರು. ಹಾಲ್ವರ್ ಅದನ್ನು ಯೀಸ್ಟು ಎಂದು ಭಾವಿಸಿ ಧಾರಾಳವಾಗಿ ಸುರಿದ. ಪಾತ್ರೆ ಬಿಸಿಯಾಯಿತು, ಹೊಗೆಯಾಡಿತು, ಅವನು ಸೌಟು ಎತ್ತುವಷ್ಟರಲ್ಲಿ ಕಲ್ಲಾಯಿತು. ಸೌಟು ಧ್ವಜಸ್ತಂಭದಂತೆ ನಟ್ಟನಡುವೆ ನಿಂತಿತು! ಅದು ರಗ್ನಾಳ ವಾಫಲ್ ಹಿಟ್ಟಿನ ಪಾತ್ರೆ.

"ಹೊಸದು ತಂದುಕೊಡ್ತೀನಿ" ಎಂದ ಹಾಲ್ವರ್, ಅವಳ ಮುಖ ನೋಡದೆ.

"ಬೇಡ. ಮೊದಲು ದ್ವೀಪಕ್ಕೆ ಕರ್ಕೊಂಡು ಹೋಗು."

ಎರಡನೆಯ ಸಲ ಅಂಟು ಸರಿಯಾಗಿ ಕೂತಿತು. ಹೊಸ ರಬ್ಬರು, ಹೊಸ ಎಣ್ಣೆ, ಹೊಸ ಸತು. ಬಣ್ಣ ಬಳಿಯುವಾಗ ರಗ್ನಾ ಪಕ್ಕದಲ್ಲೇ ಹೆಣಿಗೆ ಹಾಕುತ್ತ ಕೂತಳು. ಬ್ರಷ್ಷು ಸತುವಿನ ಹತ್ತಿರ ಸುಳಿದಾಗಲೆಲ್ಲ ಹೆಣಿಗೆಯ ಕಡ್ಡಿ ಅವನ ಮಣಿಕಟ್ಟಿಗೆ ತಾಗುತ್ತಿತ್ತು. ಬಾಲ ದೋಣಿಗೇರಿತು. ದೋಣಿ ನೀರಿಗಿಳಿಯಿತು. ಶನಿವಾರ ಸಂಜೆ ಹಾಲ್ವರ್ ಎಂಜಿನ್ನು ಚಾಲೂ ಮಾಡಿ ಅದರ ಗುಡುಗನ್ನು ಇಡೀ ಬಂದರಿಗೆ ಕೇಳಿಸಿದ. ಗೇರು ಹಾಕಿ ನೋಡುವುದನ್ನು ಮಾತ್ರ ಬೆಳಗಿನ ಶುಭಮುಹೂರ್ತಕ್ಕೆ ಬಿಟ್ಟ.

ಭಾನುವಾರ ಗಾಳಿಯೇ ಇರಲಿಲ್ಲ. ರಗ್ನಾ ಅಮ್ಮನ ಬೆಳ್ಳಿ ಪದಕ ಸಿಕ್ಕಿಸಿದ ಹಬ್ಬದ ಉಡುಪು ತೊಟ್ಟು, ಬುಟ್ಟಿಯಲ್ಲಿ ವಾಫಲ್ಲು, ಕಂದು ಬಣ್ಣದ ಗಿಣ್ಣು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬಂದು ರಾಣಿಯ ಹಾಗೆ ಕೂತಳು. ಮದುವೆಯ ಕರಿ ಸೂಟು ತೊಟ್ಟ ಹಾಲ್ವರ್ ಸೇನಾಪತಿಯಂತೆ ನಿಂತ.

"ಮೋಕೆ ದ್ವೀಪದತ್ತ... ಮುಂದಕ್ಕೆ!"

ಗೇರು ಮುಂದಕ್ಕೆ ಬಿತ್ತು. ದೋಣಿ ಹಿಂದಕ್ಕೆ ಹೋಯಿತು! ಅಷ್ಟು ವೇಗವಾಗಿ ಹಿಂದಕ್ಕೆ ಹೋಗುವ ದೋಣಿಯನ್ನು ಆ ಬಂದರು ಕಂಡಿರಲಿಲ್ಲ. ಹೌಹಾರಿದ ಸೇನಾಪತಿ ಇನ್ನಷ್ಟು "ಮುಂದಕ್ಕೆ" ಒತ್ತಿದ. ದೋಣಿ ಇನ್ನಷ್ಟು ಹಿಂದಕ್ಕೆ ಓಡಿ, ತನ್ನದೇ ಕಟ್ಟುಹಗ್ಗವನ್ನು ತಿರುಗುವ ರೆಕ್ಕೆಗೆ ನೂಲಿನುಂಡೆಯಂತೆ ಸುತ್ತಿಕೊಂಡು, ಕೆಮ್ಮಿ ನಿಂತಿತು. ದಡದ ಮೇಲಿದ್ದವರು ಚಪ್ಪಾಳೆ ತಟ್ಟಿದರು.

"ಗೇರಿನ ಕೇಬಲ್ಲು ತಿರುವುಮುರುವು ಹಾಕಿಬಿಟ್ಟಿದ್ದೀನಿ" ಎಂದ ಹಾಲ್ವರ್ ಬಹಳ ಸಣ್ಣ ದನಿಯಲ್ಲಿ.

"ಸರಿಮಾಡೋಕೆ?"

"ಹಗ್ಗ ಬಿಡಿಸಿ... ಎಲ್ಲ ಆಗೋವಾಗ ಸಂಜೆ ಆಗುತ್ತೆ."

ರಗ್ನಾ ತಿರುಗಿ ದ್ವೀಪದ ಕಡೆ ನೋಡಿದಳು. ಬಿಳಿ ಚುಕ್ಕೆ ಅಂದು ಎಂದಿಗಿಂತ ನಿಚ್ಚಳವಾಗಿತ್ತು. ಅವಳ ಗಲ್ಲ ನಡುಗಿದ್ದನ್ನು ಹಾಲ್ವರ್ ನೋಡಿದ. ದಡದ ಚಪ್ಪಾಳೆಗಿಂತ ಅದು ಅವನನ್ನು ಜೋರಾಗಿ ತಾಕಿತು. "ಟೆಲೆಫನ್ನ ಕೇಳ್ಲಾ?" ಎಂದ. ಆ ಬಾಯಿಂದ ಆ ಮಾತು!

ಅವಳು ಬೆಳ್ಳಿಯ ಗುಂಡಿಯ ಬೂಟು ಕಳಚಿ ಕೈಯಲ್ಲಿ ಹಿಡಿದು, ದಡಕ್ಕೆ ಹತ್ತಿ, ನೆಟ್ಟಗೆ ದೋಣಿಮನೆಯ ಹಿಂದಕ್ಕೆ ಹೋದಳು.

"ಬಾ. ಆ ತುದಿ ಹಿಡಿ."

ಅಪ್ಪನ ದೋಣಿ ನೀರಿಗಿಳಿಯಿತು. ಒಂದು ಹನಿ ಸೋರಲಿಲ್ಲ. ಟಾರಿನ ವಾಸನೆ ಮೇಲೆದ್ದಿತು. ಕವುಚಿದ್ದ ದೋಣಿಯಡಿ ಬಚ್ಚಿಟ್ಟಿದ್ದ ವಾಫಲ್ ಪಾತ್ರೆ ಲಂಗರಿನ ಜಾಗಕ್ಕೆ ಬಂದು ಕೂತಿತು, ನಿಂತ ಸೌಟಿಗೆ ಹಗ್ಗ ಬಿಗಿದುಕೊಂಡು. ಅದನ್ನು ಯಾವಾಗ ಕಟ್ಟಿದೆ ಎಂದು ಕೇಳುವ ಧೈರ್ಯ ಹಾಲ್ವರನಿಗೆ ಆಗಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯ ಜಾಗದಲ್ಲಿ ತಾನೇ ಕೂತ. ಮೊದಲು ಹುಟ್ಟು ಹಿಡಿದವನು ಅವನೇ. ಬಂದರಿನ ಬಾಯಿ ದಾಟುವಷ್ಟರಲ್ಲಿ ಅಂಗೈಯಲ್ಲಿ ಗುಳ್ಳೆಗಳೆದ್ದಿದ್ದವು, ಹೋದ ವರ್ಷದ ಬಾಲದ ಹಾಗೆ. ಆಮೇಲೆ ರಗ್ನಾ ಹುಟ್ಟು ಹಿಡಿದಳು. ಕೈ ಏನನ್ನೂ ಮರೆತಿರಲಿಲ್ಲ.

ಹುಟ್ಟು ಹಾಕುವವರಿಗೆ ಹೋಗುವ ಕಡೆ ಕಾಣುವುದಿಲ್ಲ, ಬಿಟ್ಟು ಬಂದ ಕಡೆ ಕಾಣುತ್ತದೆ. ರಗ್ನಾಳಿಗೆ ತನ್ನ ಅಡುಗೆಮನೆಯ ಕಿಟಕಿ ಕಂಡಿತು, ಬೆರಳುಗುರಿನಷ್ಟು. ಇಷ್ಟು ವರ್ಷ ಅಲ್ಲಿಂದ ಇತ್ತ ನೋಡುತ್ತಿದ್ದವಳು ಈಗ ಇಲ್ಲಿಂದ ಅತ್ತ ನೋಡುತ್ತಿದ್ದಳು. ಅಲ್ಲಿ ಯಾರೋ ಒಬ್ಬಳು ಕಾಯುತ್ತ ನಿಂತಿರಬಹುದು ಎಂದು ಅವಳಿಗೊಮ್ಮೆ ಅನ್ನಿಸಿತು. ಬೆಳಗಿನ ಚರಣವನ್ನು ಹುಟ್ಟಿನ ಲಯಕ್ಕೆ ಮತ್ತೊಮ್ಮೆ ಗುನುಗಿದಳು. ಇಂದು ಒಂದಕ್ಕೇ ನಿಲ್ಲಲಿಲ್ಲ.

ಅರ್ಧ ದಾರಿ ಆಗಿರಬಹುದು, ಹಿಂದಿನಿಂದ ಟುಕ್ ಟುಕ್ ಟುಕ್ ಎಂದು ಟೆಲೆಫನ ದೋಣಿ ಬಂತು. ಪಕ್ಕಕ್ಕೆ ಬಂದವನೇ ಎಂಜಿನ್ನು ಆರಿಸಿ, ಹಗ್ಗದ ಸುರುಳಿ ಎತ್ತಿ ಹಿಡಿದ.

"ಏ ರಗ್ನಾ! ಹಿಡಿಯೇ ಹಗ್ಗ, ಎಳ್ಕೊಂಡು ಹೋಗ್ತೀನಿ! ಚಿಟಿಕೆ ಹೊಡೆಯೋದರಲ್ಲಿ ಅಲ್ಲಿರ್ತೀಯ. ನಿನ್ನ ಬೇಕರಿಯವನ ಕೈ ನೋಡು, ಬನ್ನಿನ ಹಾಗೆ ಉಬ್ಬಿದೆ!"

ಹಾಲ್ವರ್ ಸಿಟ್ಟಾಗಲಿಲ್ಲ. ಮೀನುಬುಟ್ಟಿಗಳ ನಡುವಿನಿಂದ ಬಂದ ಆ ಹಗ್ಗಕ್ಕೆ ಎರಡೂ ಕೈ ಚಾಚಿದ, ಹಸಿದ ಮಗುವಿನಂತೆ.

ಆ ನಿಶ್ಶಬ್ದದಲ್ಲಿ, ನೀರಿನ ಮೇಲೆ, ಅದು ಬಂತು. ಎಲ್ಲರೂ ಬರಲಿ ಎಂದು ಆರಾಧನೆಗೆ ಬಹಳ ಮುಂಚೆಯೇ ಬಾರಿಸುವ ಮೊದಲ ಗಂಟೆ. ಒಂದು. ಮತ್ತೊಂದು. ನಲ್ಲಿಯಲ್ಲ.

ರಗ್ನಾ ಹುಟ್ಟುಗಳನ್ನು ನೀರಿನಿಂದ ಎತ್ತಿ ಹಿಡಿದಳು. ತುದಿಗಳಿಂದ ಹನಿ ಜಾರುತ್ತಿದ್ದವು.

"ಬೇಡ ಕಣೋ ಟೆಲೆಫ್" ಎಂದಳು. "ನೀನು ಮುಂದೆ ಹೋಗಿರು. ನಿನ್ನ ಎಂಜಿನ್ನು ಶುರುವಾದರೆ ಇದು ಕೇಳಿಸಲ್ಲ."

ಹಾಲ್ವರ್ ಚಾಚಿದ್ದ ಕೈಗಳನ್ನು ಮೆಲ್ಲಗೆ ವಾಫಲ್ ಬುಟ್ಟಿಯ ಮೇಲೆ ಇಳಿಸಿದ.