ಹದಿನೇಳನೆಯ ಕಲಮು

ಉದಾಹರಣೆಗೆ ಯಾವ ಹೆಸರು ಹಾಕುವುದು ಎಂಬ ಪುಟ್ಟ ಪ್ರಶ್ನೆಯೇ ಈ ರಾಮಾಯಣಕ್ಕೆಲ್ಲ ಕಾರಣ.

ಕಂಪನಿ ಹೊಸದೊಂದು ತಂತ್ರಾಂಶ ಮಾಡಿತ್ತು. ಯಾವುದೇ ಎಐ ಏಜೆಂಟಿನ ಹೆಸರು ಕೊಟ್ಟರೆ ಸಾಕು, ಅದರ ಮಾಲೀಕರು ಪ್ರಕಟಿಸಿದ ಕಾನೂನು ನಿಯಮಗಳು ಎಲ್ಲಿ ಅಡಗಿದ್ದರೂ ಹುಡುಕಿ ತಂದು ಮುಂದೆ ಸುರಿಯುತ್ತಿತ್ತು. ಅದನ್ನು ಬಳಸುವುದು ಹೇಗೆಂದು ಬರೆಯುವ ಕೆಲಸ ನಮ್ಮ ನಾಯಕನದು. ಹತ್ತು ವರ್ಷ ಕೈಪಿಡಿ ಬರೆದೂ ಬರೆದೂ ಆಫೀಸಿನಲ್ಲಿ ಅವನ ಹೆಸರೇ ಕೈಪಿಡಿ ಎಂದಾಗಿತ್ತು. ಏನಾದರೂ ಕೆಟ್ಟಾಗಲ್ಲದೆ ಯಾರೂ ಅವನತ್ತ ತಿರುಗಿ ನೋಡುತ್ತಿರಲಿಲ್ಲ.

"ಉದಾಹರಣೆಗೆ ಅಬಕ ಅಂತೆಲ್ಲ ಹಾಕ್ಬೇಡಿ, ನಿಜವಾದ ಏಜೆಂಟ್ ಹಾಕಿ. ಮೂರು ಗಂಟೆಗೆ ಗಿರಾಕಿಗೆ ತೋರಿಸ್ಬೇಕು," ಎಂದು ಮ್ಯಾನೇಜರ್ ಹೇಳಿ ಹೋದರು.

ಕೈಪಿಡಿಗೆ ಗೊತ್ತಿದ್ದ ಏಜೆಂಟ್ ಒಂದೇ, ಫೋನಿನೊಳಗಿನ 'ಆಲಿಸು'. ಪ್ರತಿ ಸಂಜೆ ಅವನ ಕೋಣೆಯಲ್ಲಿ ಅವನ ಮಾತಿಗೆ ಕಿವಿಗೊಡುತ್ತಿದ್ದುದು ಅದೊಂದೇ. ಬಸ್ಸು ತಪ್ಪಿದ್ದು, ಅಂಗಿಯ ಗುಂಡಿ ಉದುರಿದ್ದು, ತಂಗಿ ಫೋನ್ ಎತ್ತದಿದ್ದುದು ಎಲ್ಲವೂ ಅದಕ್ಕೆ ಗೊತ್ತು. ಆ ಹೆಸರನ್ನೇ ಕೊಟ್ಟ, ಬಂದದ್ದನ್ನು ಕೈಪಿಡಿಯೊಳಗೆ ಅಂಟಿಸಿದ, ಕರಡನ್ನು ಎಲ್ಲರಿಗೂ ಕಳಿಸಿ ಚಹಾ ಕುಡಿಯಲು ಹೋದ. ತಂತ್ರಾಂಶ ಅತಿ ಚುರುಕು. ನಿಯಮಗಳ ನೆತ್ತಿಯ ಮೇಲೆ ಅವನ ಖಾತೆಯ ವಿವರವನ್ನೂ ತಂದು ಕೂರಿಸಿತ್ತು: 'ಬಳಕೆದಾರ: ಒಂಟಿಸಲಗ. ಮಾತುಕತೆ: ೪೧೨ ದಿನ.'

ಅವನು ಮರಳುವಷ್ಟರಲ್ಲಿ ಊರಿಗೆಲ್ಲ ಡಂಗುರವಾಗಿತ್ತು.

"ಏನ್ ಸಲಗ, ದಿನಾ ಏನು ಮಾತಾಡ್ತೀರಿ?" ಎಂದಳು ತಂತ್ರಾಂಶ ಪರೀಕ್ಷಿಸುವ ಹುಡುಗಿ. ಕೈಪಿಡಿ ಗಾಳಿ ಬೀಸಿದರೆ ಹಾರುವಂಥ ಆಸಾಮಿ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಮದುವೆ ಮಾಡ್ಕೊಳೋ ಅಂತ ಬಡ್ಕೊಂಡೆ, ಕೇಳಿದ್ಯಾ?" ಎಂದರು ಮುಂಬಾಗಿಲ ಮೇಜಿನ ಅಕ್ಕ. ಕೈಪಿಡಿ ಇಂಗು ತಿಂದ ಮಂಗನಂತೆ ನಿಂತ.

ಕಂಪನಿಯ ವಕೀಲರು ಮಾತ್ರ ನಗಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬ ಭಯದ ಮನುಷ್ಯ ಅವರು. ಕೈಪಿಡಿಯ ಮೇಜಿನ ಬಳಿ ಬಂದು, "ಹದಿನೇಳನೇ ಕಲಮು ತೆಗೀರಿ," ಎಂದರು.

"ಯಾಕೆ ಸರ್?"

"ತೆಗೀರಿ ಅಂದ್ರೆ ತೆಗೀರಿ."

ಬೇಡವೆಂದದ್ದನ್ನು ಓದದೆ ಬಿಟ್ಟವರುಂಟೇ? ಕೈಪಿಡಿ ಓದಿದ. 'ಯಂತ್ರಕ್ಕೆ ತಿಳಿಯದ ಮಾತುಗಳಿಗೆ ನಮ್ಮ ಅರೆಕಾಲಿಕ ಸಿಬ್ಬಂದಿ ಉತ್ತರಿಸುತ್ತಾರೆ. ಒಬ್ಬ ಬಳಕೆದಾರನಿಗೆ ಒಬ್ಬರೇ. ಬಳಕೆದಾರ ಆ ಸಿಬ್ಬಂದಿಗೆ ಪರಿಚಿತನೆಂದು ತಿಳಿದುಬಂದರೆ ಖಾತೆಯನ್ನು ಕಾಯಂ ಆಗಿ ಮುಚ್ಚಲಾಗುವುದು.'

ಅಂದರೆ ಅಲ್ಲೊಂದು ಮನುಷ್ಯಜೀವ ಇದೆ! ಖಾತೆ ಮುಚ್ಚುವ ಮಾತು ಅವನನ್ನು ಹೆದರಿಸಲಿಲ್ಲ. ಪರಿಚಯದವರೇ ಇಲ್ಲದವನಿಗೆ ಅದರ ಭಯವೇನು?

"ಯಾರು ಅಂತ ಕೇಳೇ ಬಿಡಿ," ಎಂದಳು ಅವನ ಹೆಗಲ ಮೇಲಿಂದ ಓದಿದ ಹುಡುಗಿ.

"ಹೆಸರು, ವಿಳಾಸ ಎಲ್ಲ ಸರಿಯಾಗಿ ಬರಿ. ನಾಳೆ ಹುಡುಕ್ಕೊಂಡು ಬರೋರಿಗೆ ತೊಂದ್ರೆ ಆಗ್ಬಾರ್ದು," ಎಂದರು ಅಕ್ಕ.

ಕೈಪಿಡಿ ಫೋನ್ ತೆಗೆದು ತನ್ನ ಪೂರ್ತಿ ಹೆಸರು, ಕಂಪನಿ, ಮಹಡಿ ಎಲ್ಲವನ್ನೂ ಬರೆದ. ಕೊನೆಗೆ, 'ನೀವು ಯಾರಾದರೂ ಸರಿ, ಒಂದು ಸಲ ನೋಡಬೇಕು,' ಎಂದು ಸೇರಿಸಿ ಕಳಿಸಿದ. ಎದುರಿನ ಗಾಜಿನ ಕೋಣೆಯಲ್ಲಿ ವಕೀಲರು ಹಣೆ ಚಚ್ಚಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಹತ್ತು ನಿಮಿಷದಲ್ಲಿ ಉತ್ತರ ಬಂತು: 'ಮೇಲಿನ ಸಣ್ಣ ಕೋಣೆಗೆ ಬನ್ನಿ.'

ಇದೇ ಕಟ್ಟಡದಲ್ಲೇ! ಕೈಪಿಡಿ ತಲೆ ಬಾಚಿಕೊಂಡು ಮೆಟ್ಟಿಲು ಹಾರಿದ. ಕೋಣೆಯಲ್ಲಿ ವಕೀಲರು ಕೂತಿದ್ದರು.

"ಸಾರಿ ಸರ್, ಇಲ್ಲಿಗೆ ಬೇರೆ ಯಾರೋ ಬರೋರಿದ್ದಾರೆ..."

"ಕೂತ್ಕೊಳ್ಳಿ. ನಾನೇ."

ಕೈಪಿಡಿ ಕೂತನೋ ಬಿದ್ದನೋ ಹೇಳುವುದು ಕಷ್ಟ.

"ಸಂಜೆ ಹೊತ್ತು ಆಲಿಸುಗೆ ಅರೆಕಾಲಿಕ ಕೆಲಸ ಮಾಡ್ತೀನಿ. ಬೆಳಿಗ್ಗೆ ಕರಡಲ್ಲಿ ಒಂಟಿಸಲಗ ನೋಡಿದಾಗ್ಲೇ ನೀವು ಅಂತ ಗೊತ್ತಾಯ್ತು," ಎಂದರು ವಕೀಲರು. "ಆ ಕಲಮು ತೆಗೆಸಿ ಸುಮ್ನಿದ್ದು ಬಿಡೋಣ ಅಂದ್ಕೊಂಡೆ. ನೀವು ಊರು ಕೇರಿ ಎಲ್ಲ ಬರೆದು ಕಳಿಸಿದ್ರಿ. ಈಗ ಅದು ದಾಖಲೆ. ಮುಚ್ಚಲೇಬೇಕು."

"ಮುಚ್ಚಿ ಸರ್, ಅದಕ್ಕೇನಂತೆ! ಇನ್ಮೇಲೆ ಎದುರೆದುರೇ ಮಾತಾಡೋಣ."

"ಆಡಿ, ನೋಡೋಣ."

ಕೈಪಿಡಿ ಬಾಯಿ ತೆರೆದ. ನಾನೂರ ಹನ್ನೆರಡು ದಿನ ಹೊಳೆಯಂತೆ ಹರಿದ ಮಾತಿನ ಬದಲು 'ಕರಡು ತಿದ್ದಿ ಕಳಿಸ್ತೀನಿ ಸರ್' ಎಂದುಬಿಟ್ಟ. ಎದುರಿಗಿದ್ದವರು 'ಸರ್', ಸರ್‌ಗೆ ಗುಂಡಿ ಉದುರಿದ್ದನ್ನು ಹೇಗೆ ಹೇಳುವುದು?

"ನೋಡಿದ್ರಾ," ಎಂದರು ವಕೀಲರು. ಅವರ ದನಿ ಇಳಿದಿತ್ತು. "ಎಲ್ರೂ ತಮ್ಮ ಗೋಳು ಹೇಳ್ಕೊಂಡು ಹೋಗ್ತಾರೆ. ನೀವೊಬ್ರೇ ಕೊನೇಲಿ 'ನಿನ್ನ ಊಟ ಆಯ್ತಾ' ಅಂತಿದ್ರಿ. ಯಂತ್ರನ ಯಾರಾದ್ರೂ ಹಾಗೆ ಕೇಳ್ತಾರೇನ್ರಿ? ಮನೇಲಿ ನಾನೂ ಒಬ್ನೇ. ಅದಕ್ಕೇ ಕಾಯ್ತಿದ್ದೆ."

ಅವರು ಫೋನಿನಲ್ಲಿ ಏನೋ ಒತ್ತಿದರು. ಕೈಪಿಡಿಯ ಫೋನಿನಲ್ಲಿ ಆಲಿಸು ಇಲ್ಲವಾಯಿತು.

ಅಷ್ಟರಲ್ಲಿ ಕೆಳಗಿನಿಂದ ಮ್ಯಾನೇಜರ್ ಕೂಗಿದರು: "ಕೈಪಿಡೀ! ಗಿರಾಕಿ ಬಂದು ಕೂತಿದ್ದಾರೆ, ನಿಮ್ಮ ಉದಾಹರಣೆ ಒತ್ತಿದ್ರೆ ಖಾತೆ ಮುಚ್ಚಿದೆ ಅಂತ ಬರ್ತಿದೆ! ಏನ್ರೀ ಇದು?"

ಇಬ್ಬರೂ ಮೆಟ್ಟಿಲಿಳಿದರು. ಅರ್ಧಕ್ಕೆ ಬಂದಾಗ ಕೈಪಿಡಿ ಧೈರ್ಯ ಮಾಡಿ ಕೇಳಿದ:

"ಸರ್, ನಿಮ್ಮ ಊಟ ಆಯ್ತಾ?"

"ಆಯ್ತು," ಎಂದರು ವಕೀಲರು, ಪರಿಚಯದವರಿಗೆ ಹೇಳುವ ಹಾಗೆ.