ಧೂಳಿನ ಮೇಲೆ ಹೊರಿಸಿದ ಹೊಟ್ಟೆನೋವು

ತನ್ನ ತಪ್ಪನ್ನು ಹೊರಿಸುವುದಕ್ಕೆ ಪ್ರತಿಯೊಬ್ಬ ಮನುಷ್ಯನಿಗೂ ಏನಾದರೊಂದು ಬೇಕಾಗುತ್ತದೆ. ಕೆಲವರಿಗೆ ಶನಿ, ಕೆಲವರಿಗೆ ಹೆಂಡತಿ, ಇನ್ನು ಕೆಲವರಿಗೆ ಸರ್ಕಾರ. ಗಣಿಗಾರಿಕೆ ಜೋರಾಗಿದ್ದ ಆ ವರ್ಷಗಳಲ್ಲಿ ಹೊಸಪೇಟೆಯವರಾದ ನಮಗೆ ಧೂಳಿತ್ತು. ಸಂಡೂರಿನಿಂದ ಅದಿರು ಹೊತ್ತು ಬರುವ ಲಾರಿಗಳು ನಮ್ಮ ಓಣಿಯ ಮುಂದಿನ ರಸ್ತೆಯಲ್ಲಿ ಹಗಲೆಲ್ಲ ಸಾಲುಗಟ್ಟಿರುತ್ತಿದ್ದವು. ಅಂಗಿ ಕೆಂಪಾದರೆ ಧೂಳು, ಕೆಮ್ಮು ಬಂದರೆ ಧೂಳು, ಮಗ ಗಣಿತದಲ್ಲಿ ನಪಾಸಾದರೂ ಧೂಳು. ಇದರಲ್ಲಿ ಬಹಳಷ್ಟು ನಿಜವೂ ಇತ್ತು. ಅದಕ್ಕೇ ನನ್ನ ತಪ್ಪೊಂದು ಅದರೊಳಗೆ ಸುಲಭವಾಗಿ ಸೇರಿಕೊಂಡಿತು.

ನಾನಾಗ ಸಂಡೂರಿನ ಹತ್ತಿರದ ಒಂದು ಗಣಿಯಲ್ಲಿ ಲಾರಿ ತೂಕದ ಗುಮಾಸ್ತ. ಕಿಟಕಿಯಲ್ಲಿ ಕೂತು ಲಾರಿಗಳಿಗೆ ತೂಕದ ಚೀಟಿ ಬರೆದುಕೊಡುವುದು ಕೆಲಸ. ಲಂಚ ಮುಟ್ಟುವುದಿಲ್ಲ ಎಂಬುದು ನನ್ನ ವ್ರತ. ಬಿಸ್ಕತ್ತು ಲಂಚವಲ್ಲ ಎಂಬುದೂ ನನ್ನದೇ ತೀರ್ಮಾನ. ಚೀಟಿ ಬೇಗ ಬೇಕಾದ ಡ್ರೈವರುಗಳು ಇದನ್ನು ಅರ್ಥಮಾಡಿಕೊಂಡು, ಮಗಳಿಗೆ ಕೊಡ್ರಿ ಎಂದು ಕ್ರೀಮ್ ಬಿಸ್ಕತ್ತು, ಚಿಪ್ಸು, ನೂಡಲ್ಸ್ ಪಾಕೀಟು ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ಅರ್ಧ ನಾನೇ ತಿನ್ನುತ್ತಿದ್ದೆ. ಹೆಂಡತಿ ಶಾಂತಾ ಕಟ್ಟಿಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯವನ್ನು ಇಸ್ತ್ರಿ ಪ್ಯಾಂಟಿನ ಎಂಜಿನಿಯರುಗಳ ಮುಂದೆ ಬಿಚ್ಚಲು ನನಗೆ ನಾಚಿಕೆ. ಉಳಿದ ಅರ್ಧ ಚೀಲದಲ್ಲಿ ಮನೆಗೆ. ಸಂಜೆ ನಾನು ಗಣಿಯ ಜೀಪಿನಿಂದ ಇಳಿಯುತ್ತಲೇ ಆರು ವರ್ಷದ ಮಗಳು ಗೌರಿ ಓಣಿಯ ತುದಿಯವರೆಗೆ ಓಡಿಬರುತ್ತಿದ್ದಳು. ಹುಡುಗಿಗೆ ಅಪ್ಪನೆಂದರೆ ಎಷ್ಟು ಜೀವ ಎಂದು ನೆರೆಯವರು ಹೇಳಿದಾಗ ಬೀಗುತ್ತಿದ್ದೆ.

ಬರಬರುತ್ತ ಗೌರಿ ರೊಟ್ಟಿ ಮುಟ್ಟುವುದನ್ನೇ ಬಿಟ್ಟಳು. ಆಮೇಲೆ ಹೊಟ್ಟೆ ಕಟ್ಟಿತು. ನಾಲ್ಕು ದಿನ, ಐದು ದಿನ ಏನೂ ಇಲ್ಲ. ಆಟಕ್ಕೆ ಹೋಗಳು, ಮಾತಾಡಿಸಿದರೆ ಸಿಡುಕು, ಸಾಲೆಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ ಎಂಬ ದೂರು. ಬೆಳಿಗ್ಗೆ ಪಾಯಖಾನೆಯಲ್ಲಿ ಕೂತು ಅವಳು ಅಳುವಾಗ ಬಾಗಿಲ ಹೊರಗೆ ನಿಂತು ನಾನು ಲಾರಿಗಳಿಗೆ ಶಾಪ ಹಾಕುತ್ತಿದ್ದೆ. ಧೂಳು ಕರುಳಿಗೆ ಇಳಿದಿದೆ ಎಂದು ನಾನೇ ರೋಗ ನಿರ್ಧರಿಸಿದೆ. ಗಣಿಯ ಕೂಲಿಗಳು ಧೂಳಿಗೆಂದು ಬೆಲ್ಲ ತಿನ್ನುವುದನ್ನು ನೋಡಿದ್ದೆನಲ್ಲ, ಅವಳಿಗೂ ಬೆಲ್ಲ ತಿನ್ನಿಸಿದೆ. ಹೊಸಪೇಟೆಯ ಬೇಸಿಗೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿಸಿ ಮನೆಮಂದಿಯನ್ನು ಬೇಯಿಸಿದೆ. ಆ ಪಾಕೀಟು ತರುವುದನ್ನು ಮೊದಲು ನಿಲ್ಲಿಸಿ ಎಂದು ಶಾಂತಾ ಹೇಳಿದಳು. ನಾನು ಅವಳಿಗೆ ವಿಜ್ಞಾನ ಬೋಧಿಸಿದೆ. ರೊಟ್ಟಿ ಬಡಿಯುವಾಗ, ಸುಡುವಾಗ ಅದರ ಮೇಲೆ ಧೂಳು ಕೂರುತ್ತದೆ. ಪಾಕೀಟಿಗಾದರೆ ಸೀಲ್ ಇದೆ, ಈ ಊರಲ್ಲಿ ಧೂಳು ಮುಟ್ಟದ ಅನ್ನವೆಂದರೆ ಅದೊಂದೇ ಎಂದೆ. ಅವತ್ತಿನಿಂದ ಎರಡು ಪಾಕೀಟು ಹೆಚ್ಚಿಗೆ ತಂದೆ.

ಕೊನೆಗೆ ನನ್ನ ಅವ್ವ ನಮ್ಮನ್ನು ಎಳೆದುಕೊಂಡೇ ದವಾಖಾನೆಗೆ ಹೋದಳು. ವಯಸ್ಸಾದ ಡಾಕ್ಟರಮ್ಮ ಗೌರಿಯ ಹೊಟ್ಟೆ ಒತ್ತಿ ನೋಡುತ್ತಿರುವಾಗ ನಾನು ಧೂಳಿನ ಪುರಾಣವನ್ನು ಆದಿಯಿಂದ ಹೇಳಿದೆ. ಅವರು ಪೂರ್ತಿ ಕೇಳಿ, ಅವ್ವನ ಕಡೆ ತಿರುಗಿ, ನಿಮ್ಮ ಹೊಟ್ಟೆ ಹೇಗಿದೆ ಎಂದರು.

"ನಂದೇನೈತ್ರಿ, ದಿನಾ ಹೊತ್ತು ಹುಟ್ಟೂದ್ರಾಗ ಆಗಿಬಿಡ್ತೈತಿ," ಅಂದಳು ಅವ್ವ. ಹಗಲೆಲ್ಲ ರಸ್ತೆಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂರುವವಳು, ಅಲ್ಲೇ ರೊಟ್ಟಿ ಮುರಿದು ಮಜ್ಜಿಗೆ ಕುಡಿಯುವವಳು ಅವಳು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಧೂಳು ತಿಂದವಳು ಅವಳೇ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನೀನೇನು ತಿನ್ನುತ್ತೀ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ ಗೌರಿ ಬೆರಳು ಮಡಿಸುತ್ತ ಎಲ್ಲ ಪಾಕೀಟುಗಳ ಹೆಸರು ಹೇಳಿದಳು. ಯಾರು ಕೊಡಿಸುತ್ತಾರೆ ಎಂದಾಗ, ಲಾರಿ ಮಾಮಾಗಳು ಅಪ್ಪನ ಕೈಯಲ್ಲಿ ಕಳಿಸುತ್ತಾರೆ ಎಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

"ಪಾಕೀಟಿನ್ಯಾಗ ಧೂಳಿಲ್ಲ, ಖರೆ," ಎಂದರು ಡಾಕ್ಟರಮ್ಮ. "ನಾರೂ ಇಲ್ರಿ. ಬರೀ ಮೈದಾ, ಎಣ್ಣಿ, ಸಕ್ರಿ. ಅಷ್ಟರಾಗ ಕರುಳು ಹೆಂಗ ಕೆಲಸ ಮಾಡಬೇಕು ಹೇಳ್ರಿ?" ಹೊಟ್ಟೆಯೊಳಗೆ ನಮಗೆ ಬೇಕಾದ ಸಣ್ಣ ಜೀವಿಗಳಿರುತ್ತವೆ, ರೊಟ್ಟಿ, ಕಾಳು, ಸೊಪ್ಪು ಸಿಗದಿದ್ದರೆ ಅವೂ ಸೊರಗುತ್ತವೆ, ಹೊಟ್ಟೆ ಸರಿಯಿಲ್ಲದ ಮಗುವಿಗೆ ಆಟ ಪಾಠ ಯಾವುದರಲ್ಲೂ ಮನಸ್ಸಿರುವುದಿಲ್ಲ ಎಂದು ಸಮಾಧಾನದಿಂದ ತಿಳಿಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬರಿಗೈಲಿ ಮನೆಗೆ ಬಂದೆ. ಗೌರಿ ಓಡಿಬಂದು ನನ್ನ ಎರಡೂ ಕೈ ನೋಡಿದಳು, ಬೆನ್ನ ಹಿಂದೆ ನೋಡಿದಳು, ತಿರುಗಿ ಹೋದಳು. ನನಗೆ ಬಹಳ ನೋವಾಯಿತು. ಇಷ್ಟು ದಿನ ಅವಳು ಓಡಿಬರುತ್ತಿದ್ದದ್ದು ಚೀಲಕ್ಕೆ. ನಾನು ಅದನ್ನು ಹೊತ್ತು ತರುವವನು, ಅಷ್ಟೆ. ಮುಂದಿನ ನಾಲ್ಕು ಸಂಜೆ ಅವಳು ಬರಲೇ ಇಲ್ಲ. ಮನೆಯೊಳಗೆ ಶಾಂತಾ ರೊಟ್ಟಿ, ಹೆಸರುಕಾಳು, ಮಜ್ಜಿಗೆ ಹಿಡಿದುಕೊಂಡು ಅವಳ ಬೆನ್ನು ಬಿದ್ದಿದ್ದಳು.

ಐದನೆಯ ಸಂಜೆ ಜೀಪಿನಿಂದ ಇಳಿದರೆ ಓಣಿಯ ಆ ತುದಿಯಿಂದ ಗೌರಿ ಓಡಿಬರುತ್ತಿದ್ದಾಳೆ. "ಅಪ್ಪಾ, ಇವತ್ತು ಆತು," ಎಂದು ಅವಳು ಕೂಗಿದ್ದು ಕಟ್ಟೆಗಳ ಮೇಲೆ ಕೂತ ಎಲ್ಲರಿಗೂ ಕೇಳಿಸಿತು. ಬಂದವಳು ನನ್ನ ಕೈಯನ್ನು ನೋಡಲೂ ಇಲ್ಲ, ಅದಕ್ಕೆ ಜೋತುಬಿದ್ದಳು. ನನ್ನ ಕಣ್ಣು ತುಂಬಿದವು. ಆಗ ಅವಳು ತಲೆಯೆತ್ತಿ, ಅಷ್ಟೇ ದೊಡ್ಡ ದನಿಯಲ್ಲಿ ಕೇಳಿದಳು.

"ನಿಂದು ಆತೇನಪಾ?"

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಉತ್ತರಕ್ಕೆ ಕಾದರು. ಆತು ಎಂದು ತಲೆಯಾಡಿಸಿದೆ. ನನ್ನದಾಗಿ ಮೂರು ದಿನವಾಗಿತ್ತು. ಡ್ರೈವರುಗಳು ಬೇಸರ ಮಾಡಿಕೊಂಡಾರು ಎಂದು ಅವಳ ಪಾಲಿನ ಪಾಕೀಟುಗಳನ್ನೂ ನಾನೇ ಕಿಟಕಿಯಲ್ಲಿ ಕೂತು ತಿನ್ನುತ್ತಿದ್ದೆ.